ಅತ್ತೆಯ ಬಾಯಲ್ಲಿ ಹಂಗೇರಿಯನ್

ಜನವರಿಯ ಕೇಕಿನ ಕೊನೆಯ ತುಂಡನ್ನು ಬಾಯಲ್ಲಿಟ್ಟುಕೊಂಡೇ ರಸೆಲ್ ಟ್ಯಾಕೆಟ್ ಶಪಥ ಮಾಡಿಬಿಟ್ಟ. ಬೇಸಿಗೆ ಮುಗಿಯುವುದರೊಳಗೆ ಅತ್ತೆ ತನ್ನ ಜೊತೆ ಹಂಗೇರಿಯನ್ ಭಾಷೆಯಲ್ಲಿ ಮಾತಾಡಬೇಕು. ಮಾತಾಡಿಸಿಯೇ ತೀರುತ್ತೇನೆ! ಕ್ಲೀವ್‌ಲ್ಯಾಂಡಿನ ಪೂರ್ವಭಾಗದಲ್ಲಿ ಅವನ ಕೈ ತಾಗದ ಹೀಟರ್ ಇರಲಿಲ್ಲ. ಸತ್ತೇಹೋಯಿತೆಂದು ಜನ ಕೈಬಿಟ್ಟ ಬಾಯ್ಲರುಗಳೂ ಅವನು ಎರಡು ತಟ್ಟು ತಟ್ಟಿದರೆ ಗೊರಗೊರ ಎಂದು ಎದ್ದು ಕೂರುತ್ತಿದ್ದವು. ಅಂಥ ಗಂಡಿಗೆ ಒಂದು ಭಾಷೆ ಯಾವ ಲೆಕ್ಕ?

"ಅಮ್ಮ ಬೆಕ್ಕಿನ ಹತ್ರ ಹಂಗೇರಿಯನ್ ಮಾತಾಡ್ತಾಳೆ, ಟೊಮೇಟೊ ಗಿಡದ ಹತ್ರ ಮಾತಾಡ್ತಾಳೆ," ಎಂದಳು ಹೆಂಡತಿ ಎನಿಕೋ, ಆಸ್ಪತ್ರೆಯ ಪಾಳಿಗೆ ಹೊರಡಲು ಬೂಟು ಕಟ್ಟುತ್ತ. "ನಿನ್ನ ಹತ್ರ ಮಾತ್ರ ಕಷ್ಟ."

ಅತ್ತೆ ಮಾರ್ಗಿತ್‌ಗೆ ಎಂಬತ್ತೊಂದು ವರ್ಷ. ಅದೇ ಮನೆಯ ಕೆಳಮಹಡಿಯಲ್ಲಿ ವಾಸ. ಹುಡುಗಿಯಾಗಿದ್ದಾಗ ಗಡಿ ದಾಟಿ ಬಂದವಳು. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಪೀಚ್ ಹೆಚ್ಚುತ್ತ ಹೆಚ್ಚುತ್ತ ಇಂಗ್ಲಿಷಿನ ಒಂದೊಂದೇ ಪದ ಕೂಡಿಟ್ಟವಳು. ಆ ಇಂಗ್ಲಿಷನ್ನು ಒಳ್ಳೆಯ ಪಿಂಗಾಣಿ ತಟ್ಟೆಯಂತೆ ಅಳಿಯನಿಗೆಂದೇ ಹೊರತೆಗೆಯುತ್ತಿದ್ದಳು. ರಸೆಲ್ ಪುಸ್ತಕ ನೋಡಿ ಕಲಿತ ಹಂಗೇರಿಯನ್‌ನಲ್ಲಿ "ಶುಭೋದಯ, ನಿದ್ದೆ ಚೆನ್ನಾಗಿ ಬಂತೇ?" ಎಂದು ಬಾಗಿ ಕೇಳಿದರೆ, ಅವಳು ಅಷ್ಟೇ ಬಾಗಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು: "ಕಸದ ಗಾಡಿ ಮಂಗಳವಾರ ಬರುತ್ತದೆ, ರಸೆಲ್ ಅವರೇ."

ಇದಕ್ಕೇನು ಕಾರಣ ಎಂದು ಅವನು ಹೆಂಡತಿಯನ್ನು ಕೇಳಿದ. ಅಮ್ಮನ ಪ್ರಕಾರ ಅತಿಥಿಯ ಜೊತೆ ಅತಿಥಿಯ ಭಾಷೆಯಲ್ಲೇ ಮಾತಾಡಬೇಕು, ಅದು ಮರ್ಯಾದೆ, ಎಂದು ಎನಿಕೋ ವಿವರಿಸಿದಳು.

"ಇಪ್ಪತ್ತಾರು ವರ್ಷದಿಂದ ನಾನು ಅತಿಥಿನಾ?"

"ಒಳ್ಳೆ ಅತಿಥಿ," ಎಂದು ಅವಳು ಸಮಾಧಾನ ಮಾಡಿದಳು.

ಆ ಮಾತು ರಸೆಲ್‌ಗೆ ಮುಳ್ಳಿನಂತೆ ಚುಚ್ಚಿತು. ಈ ಮನೆಯ ಚಾವಣಿ ಹೊದಿಸಿದವನು, ಅತ್ತೆಯ ಬಚ್ಚಲಿಗೆ ಹಿಡಿಕೆ ಹಾಕಿಸಿದವನು, ಮಾವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಅತಿಥಿಯಂತೆ!

ಮರುವಾರದಿಂದಲೇ ಅವನು ಪ್ರತಿ ಗುರುವಾರ ಬೆಳಿಗ್ಗೆ ಅತ್ತೆಯ ಹಂಗೇರಿಯನ್ ಚರ್ಚಿನ ಅಡುಗೆಮನೆಗೆ ಹಾಜರಾದ. ಅಲ್ಲಿ ಹನ್ನೊಂದು ಮುದುಕಿಯರು ಒಂದು ಉದ್ದನೆಯ ಮೇಜಿನ ಸುತ್ತ ಕೂತು, ಉಗುರಿನಷ್ಟು ಹಿಟ್ಟಿನ ಚೂರುಗಳನ್ನು ಗೀರು ಹಲಗೆಯ ಮೇಲೆ ಉರುಳಿಸಿ ಸಾರಿಗೆ ಹಾಕುವ ಬಸವನಹುಳು ಶಾವಿಗೆ ಮಾಡುತ್ತಾರೆ. ಇಡೀ ಊರಿನಲ್ಲಿ ಅಷ್ಟು ಹಂಗೇರಿಯನ್ ಒಟ್ಟಿಗೆ ಹರಿಯುವ ಜಾಗ ಇನ್ನೊಂದಿಲ್ಲ. ಸ್ಪ್ಯಾನರ್ ಹಿಡಿದ ಬೆರಳುಗಳಿಂದ ಅವನು ಮಾಡಿದ ಬಸವನಹುಳುಗಳು ಆಮೆಯ ಗಾತ್ರಕ್ಕೆ ಬರುತ್ತಿದ್ದವು. ಮುದುಕಿಯರು ಸಹಿಸಿಕೊಂಡರು.

ಕೇಳಿಸಿಕೊಳ್ಳುತ್ತ ಕೂತ ರಸೆಲ್ ಬೆರಗಾದ. ನಿಜವಾಗಿ ಬೆರಗಾದ. 'ಮನೆ' ಎಂಬ ಒಂದು ಪದಕ್ಕೆ ಈ ಮುದುಕಿಯರು 'ನನ್ನ' ಎಂಬುದನ್ನು ಸಿಕ್ಕಿಸುತ್ತಿದ್ದರು, 'ಗಳು' ಎಂಬುದನ್ನು ಸಿಕ್ಕಿಸುತ್ತಿದ್ದರು, 'ಒಳಗಿಂದ' ಎಂಬುದನ್ನೂ ಸಿಕ್ಕಿಸಿ, ಒಂದೇ ಉಸಿರಿನಲ್ಲಿ ಒಂದೇ ಪದವಾಗಿ ಬಿಡುತ್ತಿದ್ದರು. ಮನೆಗೆ ಒಂದರ ಹಿಂದೊಂದು ಬಾಲ ಅಂಟಿಸಿಯೇ ಮಾತಾಡುವ ನಮಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಬಿಡಿ ಪದಗಳ ಇಂಗ್ಲಿಷಿನಲ್ಲಿ ಐವತ್ತನಾಲ್ಕು ವರ್ಷ ಬದುಕಿದ ಮನುಷ್ಯನಿಗೆ ಅದು ನೆಲಮಾಳಿಗೆಯ ಕೊಳವೆಗಳೆಲ್ಲ ತಾವಾಗಿ ಜೋಡಿಸಿಕೊಂಡಂತೆ ಕಂಡಿತು. ವ್ಯಾನಿನಲ್ಲಿ ಒಬ್ಬನೇ ಕೂತು ಆ ಪದವನ್ನು ಹತ್ತು ಸಲ ಹೇಳಿಕೊಂಡ. ಕಣ್ಣು ತೇವವಾಯಿತು. ಇಷ್ಟು ದೊಡ್ಡ ಸಂಪತ್ತು ಕೆಳಮಹಡಿಯಲ್ಲಿ ಬೆಕ್ಕಿನ ಪಾಲಾಗುತ್ತಿದೆಯಲ್ಲ!

ಮೇ ತಿಂಗಳ ಹೊತ್ತಿಗೆ ಅವನು ಪೂರ್ತಿ ವಾಕ್ಯಗಳಲ್ಲಿ ಮಾತಾಡತೊಡಗಿದ. ಮುದುಕಿಯರು ಮಾತ್ರ "ತುಂಬಾ ಚೆನ್ನಾಗಿದೆ ರಸೆಲ್, ಇನ್ನೂ ಚಿಕ್ಕದಾಗಿ ಉರುಳಿಸಿ" ಎಂದು ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. ಆಗಲೇ ಅವನ ಕಣ್ಣಿಗೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಬಿತ್ತು. ಹಂಗೇರಿಯನ್ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಹೆಸರು. ನಿಮ್ಮ ಹೆಸರಿನ ದಿನ ಬಂದರೆ ಅದೇ ನಿಮ್ಮ ಹಬ್ಬ. ಹುಟ್ಟುಹಬ್ಬವನ್ನು ಅವರು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಜೂನ್ ಹತ್ತರ ಎದುರಿಗೆ ಕೆಂಪಕ್ಷರದಲ್ಲಿ 'ಮಾರ್ಗಿತ್' ಎಂದಿತ್ತು.

ರಸೆಲ್‌ನ ತಲೆಯಲ್ಲಿ ದೀಪ ಹೊತ್ತಿತು. ಇಷ್ಟು ವರ್ಷ ಅತ್ತೆಯ ಹೆಸರಿನ ದಿನವನ್ನು ಈ ಮನೆಯಲ್ಲಿ ಯಾರೂ ಮಾಡಿಯೇ ಇಲ್ಲ! ಜನವರಿಯಲ್ಲಿ ಹುಟ್ಟುಹಬ್ಬದ ಕೇಕ್ ಕತ್ತರಿಸುತ್ತಾರೆ, ಅಷ್ಟೇ. ಆ ಕೊರತೆಯನ್ನು ತಾನು ತುಂಬುತ್ತೇನೆ. ಎನಿಕೋಗೆ ಹೇಳಿದರೆ ಅವಳೇ ಮುಂದೆ ನಿಂತು ಎಲ್ಲ ಮಾಡುತ್ತಾಳೆ. ಆದ್ದರಿಂದ ಗುಟ್ಟಾಗಿ, ಪೂರಾ ಹಂಗೇರಿಯನ್‌ನಲ್ಲಿ, ಒಬ್ಬನೇ.

ಹಳೆಯ ಆಮಂತ್ರಣ ಪತ್ರವೊಂದರಿಂದ ಭಾರೀ ಗಾಂಭೀರ್ಯದ ಮಾತುಗಳನ್ನು ಆರಿಸಿ, ಮೂರು ವಾರ ಬಾಯಿಪಾಠ ಮಾಡಿ, ಗುರುವಾರ ಶಾವಿಗೆ ಮೇಜಿನ ತುದಿಯಲ್ಲಿ ನಿಂತು ಒಪ್ಪಿಸಿದ. ಮಾರ್ಗಿತ್ ಮತ್ತವಳ ಮನೆತನ ಜೂನ್ ಹತ್ತರ ಶನಿವಾರ ಸಂಜೆ ನಾಲ್ಕಕ್ಕೆ ತಮ್ಮ ಮನೆಯಲ್ಲಿ ಹೆಸರಿನ ಹಬ್ಬ ಆಚರಿಸುವುದಾಗಿಯೂ, ಎಲ್ಲರೂ ದಯಮಾಡಿಸಬೇಕಾಗಿಯೂ ಪ್ರಾರ್ಥನೆ. ಒಂದು ತಪ್ಪಿಲ್ಲ, ಒಂದು ತೊದಲಿಲ್ಲ.

ಹನ್ನೊಂದು ಹಲಗೆಗಳ ಸದ್ದು ಒಮ್ಮೆಗೇ ನಿಂತಿತು. ಮೇಜಿನ ಯಜಮಾನಿ ವಿಲ್ಮಾ ಕನ್ನಡಕ ತೆಗೆದು ಒರೆಸಿಕೊಂಡಳು.

"ನಿಮ್ಮ ಮನೆಯ ಮಾರ್ಗಿತ್? ಜೂನ್ ಹತ್ತಕ್ಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹೌದೆಂದು ಅವನು ಹಂಗೇರಿಯನ್‌ನಲ್ಲಿ ಹೇಳಿದ. ವಿಲ್ಮಾ ತುಂಬಾ ಸಂತೋಷ ಎಂದಳು. ಹನ್ನೊಂದು ಜೊತೆ ಕಣ್ಣುಗಳಲ್ಲಿ ಬೆಳಕು ಕುಣಿಯುತ್ತಿತ್ತು. ಅದು ತನ್ನ ಉಚ್ಚಾರಣೆಯ ಪ್ರಭಾವ ಎಂದುಕೊಂಡ ರಸೆಲ್.

ಆ ಚರ್ಚಿಗೆ ಸೇರಿದ ಬೆಕ್ಕಿಗೂ ತಿಳಿದಿದ್ದ ಒಂದು ಸಂಗತಿ ಅವನಿಗೆ ತಿಳಿದಿರಲಿಲ್ಲ. ಅಲ್ಲಿ ಮಾರ್ಗಿತ್‌ಗಳು ಇಬ್ಬರು. ಇನ್ನೊಬ್ಬಳು ಮೂರು ಬೀದಿ ಆಚೆಯ ದರ್ಜಿಯ ವಿಧವೆ. ಹೆಸರಿನ ದಿನಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ. ನೆನಪಿದ್ದವರು ತಾವಾಗಿ ಬರುತ್ತಾರೆ, ಮನೆಯವರು ಅಡುಗೆ ಮಾಡಿಕೊಂಡು ಕಾಯುತ್ತಾರೆ. ಹಿಂದೆ ಜೂನ್ ಹತ್ತು ಬಂತೆಂದರೆ ಅರ್ಧ ಜನ ಇಲ್ಲಿ, ಅರ್ಧ ಜನ ಅಲ್ಲಿ. ಯಾರ ಮನೆಯಲ್ಲಿ ಎಷ್ಟು ಕುರ್ಚಿ ಖಾಲಿ ಎಂಬ ಸುದ್ದಿ ಭಾನುವಾರಕ್ಕೆ ಚರ್ಚು ತಲುಪುತ್ತಿತ್ತು. ನಲವತ್ತು ವರ್ಷದ ಹಿಂದೆ ಅಂದಿನ ಪಾದ್ರಿ ಇಬ್ಬರನ್ನೂ ಕೂರಿಸಿ ಒಪ್ಪಂದ ಮಾಡಿಸಿದ. ದರ್ಜಿಯ ಮಾರ್ಗಿತ್‌ಗೆ ಜೂನ್. ರಸೆಲ್‌ನ ಅತ್ತೆಗೆ ಜನವರಿ ಹದಿನೆಂಟು, ಸಂತ ಮಾರ್ಗಿತ್‌ಳ ದಿನ. ಮೊಣಕಾಲುದ್ದ ಹಿಮ ತುಳಿದು ಯಾರು ಬರುತ್ತಾರೋ ಅವರೇ ನಿಜವಾದ ನೆಂಟರು ಎಂದು ಅತ್ತೆ ಅದನ್ನೇ ಹೆಮ್ಮೆ ಮಾಡಿಕೊಂಡಿದ್ದಳು. ಪ್ರತಿ ಜೂನ್ ಹತ್ತರಂದು ಏಳು ಹೂವು ಹಿಡಿದು ಹೋಗಿ ಅರ್ಧ ಗಂಟೆ ಕೂತು ಬರುತ್ತಿದ್ದಳು. ನಲವತ್ತು ವರ್ಷ ಶಾಂತಿ.

ಈಗ ಜನವರಿಯ ಮಾರ್ಗಿತ್ ಯುದ್ಧ ಸಾರಿದ್ದಾಳೆ! ಬಾಯಿಬಿಟ್ಟು ಕರೆದ ಮೇಲೆ ಹೋಗದೆ ಇರುವಂತಿಲ್ಲ. ಕರೆಯದೇ ಕಾಯುವವಳ ಮನೆಗೆ ಹೋಗದಿದ್ದರೆ ಮರೆವು ಎನ್ನಬಹುದು. ಅತ್ತೆಯನ್ನೇ ನೇರವಾಗಿ ಕೇಳುವ ಧೈರ್ಯ ಯಾರಿಗಿದೆ? ಆ ಭಾನುವಾರ ಚರ್ಚಿನಲ್ಲಿ ಎಲ್ಲರೂ ತನಗೆ ದಾರಿ ಬಿಡುತ್ತಿದ್ದಾರೇಕೆ ಎಂದು ಅವಳು ಮಗಳ ಹತ್ತಿರ ಆಶ್ಚರ್ಯಪಟ್ಟಳಂತೆ.

ಶನಿವಾರ ಬಂತು. ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಹಚ್ಚಿ ರಸೆಲ್ ಒಬ್ಬನೇ ಒಂದು ಕೊಪ್ಪರಿಗೆ ತುಂಬ ಮಾಂಸ ತುಂಬಿದ ಎಲೆಕೋಸು ಬೇಯಿಸಿದ್ದ. ನಾಲ್ಕಕ್ಕೆ ಸರಿಯಾಗಿ ಅತ್ತೆ ಒಳ್ಳೆಯ ಕೋಟು ತೊಟ್ಟು, ಏಳು ಹೂವು ಹಿಡಿದು, ದರ್ಜಿಯ ಮಾರ್ಗಿತ್‌ಳ ಮನೆಗೆ ಹೊರಡಲು ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ನಲವತ್ತೊಂದು ಜನ ಹೂವು ಹಿಡಿದು ನಿಂತಿದ್ದರು.

ಗ್ಯಾರೇಜಿನಿಂದ ಏಪ್ರನ್ ತೊಟ್ಟ ರಸೆಲ್ ಕೈ ಚಾಚಿ ಬಂದು ಸ್ವಾಗತ ಭಾಷಣ ಶುರುಮಾಡಿದ. ಪಾಳಿ ಮುಗಿಸಿ ಆಗಷ್ಟೇ ಕಾರಿಳಿದ ಎನಿಕೋ ಎರಡು ವಾಕ್ಯ ಕೇಳಿ ಅವನ ತೋಳು ಹಿಡಿದಳು.

"ಇವತ್ತು ಅಮ್ಮನ ದಿನ ಅಂತ ಯಾರು ಹೇಳಿದ್ದು ನಿಂಗೆ?"

"ಕ್ಯಾಲೆಂಡರ್."

"ಮತ್ತೆ ಇಪ್ಪತ್ತಾರು ವರ್ಷದಿಂದ ಜನವರೀಲಿ ಯಾವ ಕೇಕ್ ತಿಂತಿದೀಯ?"

"ಹುಟ್ಟುಹಬ್ಬದ್ದು."

"ಅಮ್ಮ ಹುಟ್ಟಿದ್ದು ಅಕ್ಟೋಬರ್‌ನಲ್ಲಿ, ರಸೆಲ್."

ಒಪ್ಪಂದದ ಕಥೆಯನ್ನು ಅವಳು ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ರಸೆಲ್‌ನ ಮುಖ ಬೇಯಿಸಿದ ಎಲೆಕೋಸಿನ ಬಣ್ಣಕ್ಕೆ ಬಂದಿತ್ತು. ಅತ್ತೆ ಅವನ ಕಡೆ ತಿರುಗಿದಳು. ಬೈಯಲಿಲ್ಲ. "ತುಂಬಾ ಧನ್ಯವಾದ, ರಸೆಲ್ ಅವರೇ. ಬಹಳ ತೊಂದರೆ ತೆಗೆದುಕೊಂಡಿರಿ," ಎಂದಳು, ಶುದ್ಧ ಇಂಗ್ಲಿಷಿನಲ್ಲಿ. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. ಅತಿಥಿಯನ್ನು ಬೈಯುವುದುಂಟೇ!

ಆಮೇಲೆ ಅವಳು ಮೆಟ್ಟಿಲಿಳಿದು ನಡೆದಳು. ಅವಳ ಹಿಂದೆ ನಲವತ್ತೊಂದು ಜನ, ಕೊನೆಯಲ್ಲಿ ಕೊಪ್ಪರಿಗೆ ಹೊತ್ತ ರಸೆಲ್. ಮೂರು ಬೀದಿ ದಾಟಿ ಹೋದಾಗ ದರ್ಜಿಯ ಮಾರ್ಗಿತ್ ನೀಲಿ ರೇಷ್ಮೆ ಉಡುಪಿನಲ್ಲಿ, ನಲವತ್ತು ತಟ್ಟೆ ಜೋಡಿಸಿದ ಮೇಜಿನ ಎದುರು ಒಬ್ಬಳೇ ಕೂತಿದ್ದಳು. ಕೇಕಿನ ಮೇಲೆ ಚಾಕು ಹಾಗೇ ಇತ್ತು. ಅವಳ ಕಣ್ಣು ಕೆಂಪಾಗಿದ್ದುದು ರಸೆಲ್‌ಗೂ ಕಂಡಿತು. ನೆಲ ಬಾಯಿಬಿಟ್ಟರೆ ಕೊಪ್ಪರಿಗೆ ಸಮೇತ ಇಳಿದುಬಿಡೋಣ ಎನಿಸಿತು.

ಅತ್ತೆ ಏಳು ಹೂವು ಮುಂದೆ ಹಿಡಿದಳು. "ನಿನ್ನ ಜನ ದಾರಿ ತಪ್ಪಿ ನಮ್ಮನೇಗೆ ಬಂದಿದ್ರು, ಕರ್ಕೊಂಡ್ಬಂದೆ," ಎಂದಳು ಹಂಗೇರಿಯನ್‌ನಲ್ಲಿ.

ದರ್ಜಿಯ ಮಾರ್ಗಿತ್ ಹೂವನ್ನೂ ಜನರನ್ನೂ ನೋಡಿ, ಹೂವು ತೆಗೆದುಕೊಂಡು, "ಒಳಗೆ ಬನ್ನಿ, ಸಾರು ಆರ್ತಿದೆ," ಎಂದಳು. ಅಷ್ಟರಲ್ಲೇ ಮುಗಿಯಿತು. ನಲವತ್ತು ವರ್ಷದ ಶಾಂತಿಯನ್ನು ಆ ಇಬ್ಬರು ಮುದುಕಿಯರು ಎರಡೇ ಮಾತಿನಲ್ಲಿ ಹೊಲಿದು ಸರಿಮಾಡಿದ್ದನ್ನು ಕಂಡು ರಸೆಲ್ ದಂಗಾಗಿ ನಿಂತ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವನೂ ಧೈರ್ಯ ಮಾಡಿ ಮುಂದೆ ಬಂದು, ತನಗೆ ಗೊತ್ತಿದ್ದ ಹಂಗೇರಿಯನ್‌ನಲ್ಲೆಲ್ಲ ಕ್ಷಮೆ ಕೇಳಿದ. ದರ್ಜಿಯ ಮಾರ್ಗಿತ್ ನಯವಾಗಿ ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ ಹೇಳಿದಳು: "ಪರವಾಗಿಲ್ಲ, ಮಿಸ್ಟರ್ ರಸೆಲ್. ನೀವು ಅತಿಥಿಗಳು. ದಯವಿಟ್ಟು ಕೂತು ಕೇಕ್ ತೆಗೆದುಕೊಳ್ಳಿ."

ಅಲ್ಲಿಗೆ ರಸೆಲ್‌ನ ಐದು ತಿಂಗಳ ಶಪಥ ಮಣ್ಣುಪಾಲು. ತಲೆ ತಗ್ಗಿಸಿ ಕುರ್ಚಿಗೆ ಕೈ ಹಾಕಿದ.

ಹಿಂದಿನಿಂದ ಹಂಗೇರಿಯನ್ ಗುಡುಗಿತು.

"ಅತಿಥಿನಾ? ಯಾರು, ಇವನಾ? ಇಪ್ಪತ್ತಾರು ವರ್ಷ ನನ್ನ ಕೈಯಡುಗೆ ತಿಂದು ಹೊಟ್ಟೆ ಬೆಳೆಸಿದಾನೆ, ಇವನ್ಯಾವ ಸೀಮೆ ಅತಿಥಿ? ವರ್ಷವರ್ಷ ಜನವರೀಲಿ ಕೇಕ್ ನುಂಗ್ತಾನೆ, ಯಾವುದಕ್ಕೆ ಅಂತ ಒಂದಿನ ಕೇಳಲಿಲ್ಲ ಈ ಮಬ್ಬು ಮುಂಡೇದು! ಏಯ್ ರಸೆಲ್, ನಿಂಗೆ ಕೇಕೂ ಇಲ್ಲ, ಕುರ್ಚೀನೂ ಇಲ್ಲ. ಅಂಗಿ ತೋಳು ಮಡಿಸ್ಕೊ. ಇಷ್ಟು ಜನರ ತಟ್ಟೇನೂ ನೀನೇ ತೊಳೀಬೇಕು, ತಿಳೀತಾ?"

ಎನಿಕೋ ಗಂಡನ ಕಿವಿಯ ಹತ್ತಿರ ಬಗ್ಗಿ, "ಅಮ್ಮ ಏನಂದ್ಲು ಅಂತ ಹೇಳ್ಲಾ?" ಎಂದಳು.

"ಬೇಡ," ಎಂದ ರಸೆಲ್. ಒಂದು ಪದವೂ ಬಿಡದೆ ಅರ್ಥವಾಗಿತ್ತು. ಅಡುಗೆಮನೆಗೆ ಹೋಗಿ ತೋಳು ಮಡಿಸಿ, ನಲ್ಲಿ ತಿರುಗಿಸಿ, ಸಿಂಕಿನಲ್ಲಿದ್ದ ಮೊದಲ ತಟ್ಟೆಯನ್ನು ಎತ್ತಿಕೊಂಡ.

"ಸೋಪು ಕಮ್ಮಿ ಹಾಕೋ," ಎಂದಳು ಅತ್ತೆ, ಹಂಗೇರಿಯನ್‌ನಲ್ಲೇ.