ಕಲ್ಲಣ್ಣನ ಎಡೆಗೆ ಸೋಯಾ ಬರ್ಗರ್

ಗುರುನಾಥನ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದ ದಿನವೇ ಅಕ್ಕಲಕೋಟೆಯ ಅವನ ಮನೆಯಲ್ಲಿ ಮಟನ್ ಬಂದ್ ಆಯಿತು. ಹೆಂಡತಿ ಶ್ರದ್ಧಾ ಮೊಬೈಲ್ ನೋಡಿ ಸೋಯಾ, ಬೀಟ್ರೂಟ್ ಅರೆದು ಟಿಕ್ಕಿ ತಟ್ಟಿದಳು. ಪಾವ್ ಬ್ರೆಡ್ಡಿನ ನಡುವೆ ಇಟ್ಟು, ಶೇಂಗಾ ಚಟ್ನಿ ಉದುರಿಸಿ, ಇದೇ ಬರ್ಗರ್ ಎಂದಳು. ಬಣ್ಣ ಥೇಟ್ ಮಟನ್ ಖೀಮಾ. ರುಚಿಯ ಮಾತು ಬೇಡ. ಎರಡು ತಿಂಗಳು ಆ ಬಡಪಾಯಿ ಅದನ್ನೇ ನುಂಗಿದ.

ಅಷ್ಟರಲ್ಲಿ ಅಪ್ಪ ಕಲ್ಲಣ್ಣ ತೀರಿಹೋಗಿ ವರ್ಷ ತುಂಬಿತು. ಸತ್ತವರಿಗೆ ಇಷ್ಟವಾದದ್ದನ್ನು ಮಾಳಿಗೆಯ ಮೇಲೆ ಎಡೆ ಇಡುವುದು, ಕಾಗೆ ಅದನ್ನು ಮುಟ್ಟುವವರೆಗೆ ಯಾರೂ ಉಣ್ಣದಿರುವುದು ಆ ಮನೆಯ ಪದ್ಧತಿ. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇನೆಂದು ಬಾಯಿಬಿಟ್ಟು ಮಾತು ಕೊಡಬೇಕು. ಕಲ್ಲಣ್ಣನೋ, ಮಟನ್ ಇಲ್ಲದ ಭಾನುವಾರ ಕಂಡವನೇ ಅಲ್ಲ. ಗುರುನಾಥನಿಗೆ ದಾರಿ ಹೊಳೆಯಿತು.

“ಅಪ್ಪಗ ನಿನ್ನ ಬರ್ಗರೇ ಇಡು. ಕಾಗಿ ಮುಟ್ಟಿದ್ರ ನಾ ಚಕಾರ ಎತ್ತೂದಿಲ್ಲ. ಮುಟ್ಟಲಿಲ್ಲಂದ್ರ ಐತವಾರಕ್ಕೊಮ್ಮೆ ಮಟನ್ ಆಗಬೇಕು” ಎಂದ. ಶ್ರದ್ಧಾ ಒಪ್ಪಿದಳು.

ಕಿಲಾಡಿ ಅಷ್ಟಕ್ಕೇ ಬಿಡಲಿಲ್ಲ. ಅಂದು ಬೆಳಗ್ಗೆ ಪಕ್ಕದ ಮನೆ ಗಂಗುಬಾಯಿಯ ಮಾಳಿಗೆ ಹತ್ತಿ, ಆರು ರೊಟ್ಟಿ ಮುರಿದು ಹಾಕಿ, ಓಣಿಯ ಕಾಗೆಗಳಿಗೆಲ್ಲ ಹೊಟ್ಟೆ ತುಂಬಿಸಿ ಬಂದ.

ಹನ್ನೆರಡಕ್ಕೆ ಎಡೆ ಇಟ್ಟರು. ಕಾಗೆಗಳು ಬಂದವು. ಒಂದೂ ಕೂಗಲಿಲ್ಲ. ಮಾಳಿಗೆಯ ಅಂಚಿನಲ್ಲಿ ಸಾಲಾಗಿ ಕೂತು, ಎಡೆಯ ಕಡೆ ತಿರುಗದೆ, ಗುರುನಾಥನನ್ನೇ ನೋಡತೊಡಗಿದವು. ಅವನು ಕಣ್ಣು ತಪ್ಪಿಸಿದ. ಆದರೂ ಗೆದ್ದೆನೆಂದು ಒಳಗೊಳಗೇ ಹಿಗ್ಗಿ, ಭಾನುವಾರ ತಪ್ಪದೆ ಮಟನ್ ಮಾಡಿಸುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟ. ಕಾಗೆಗಳು ಅಲುಗಲಿಲ್ಲ.

ಹೊಟ್ಟೆ ತುಂಬಿದ ಕಾಗೆ ಯಾವ ಮಾತಿಗೂ ಇಳಿಯುವುದಿಲ್ಲ ಎಂಬುದು ಆಗ ಅವನ ತಲೆಗೆ ಹತ್ತಿತು. ಒಂದು ಗಂಟೆಯಾಯಿತು, ಎರಡಾಯಿತು. ಗಂಗುಬಾಯಿ ಬಂದು, ಸೊಸೆಗೆ ಬಂಗಾರದ ಬಳೆ ಮಾಡಿಸುವ ಆಸೆ ಕಲ್ಲಣ್ಣನಿಗೆ ಇತ್ತೆಂದಳು. ಬಳೆಗೆ ಮಾತು ಕೊಟ್ಟ. ಕುರನೂರಿನಲ್ಲಿ ಇವರ ಹೊಲದ ಪಕ್ಕದವನಾದ ಸಿದ್ದಣ್ಣ, ತನ್ನ ಹೊಲಕ್ಕೆ ದಾರಿ ಬಿಡಬೇಕೆಂದು ಕಲ್ಲಣ್ಣ ಸಾಯುವ ಮುಂಚೆ ಹೇಳಿದ್ದನೆಂದ. ದಾರಿಗೂ ಮಾತು ಕೊಟ್ಟ. ಸಿದ್ದಣ್ಣ ಸಮಾಧಾನದಿಂದ ಮೆಟ್ಟಿಲಿಳಿದು ಹೋದ. ಕಾಗೆಗಳು ಮಾತ್ರ ಕೂತೇ ಇದ್ದವು.

ಆಗ ಎಲ್ಲಕ್ಕಿಂತ ದೊಡ್ಡ ಕಾಗೆಯೊಂದು ಎರಡು ಹೆಜ್ಜೆ ಕುಪ್ಪಳಿಸಿ ಗುರುನಾಥನ ಹತ್ತಿರ ಬಂದು ಕತ್ತು ಓರೆ ಮಾಡಿತು. ಮಗ ಸುಳ್ಳು ಹೇಳಿದಾಗಲೆಲ್ಲ ಕಲ್ಲಣ್ಣ ಹಾಗೆಯೇ ಕತ್ತು ಓರೆ ಮಾಡುತ್ತಿದ್ದ. ಗುರುನಾಥ ಬೆಳಗಿನ ರೊಟ್ಟಿಯ ಕತೆಯನ್ನು ಎಲ್ಲರೆದುರು ಒಪ್ಪಿಕೊಂಡ. ಶ್ರದ್ಧಾ ಕಣ್ಣು ಕೆಂಪಗೆ ಮಾಡಿದಳು. ಕಾಗೆ ಕದಲಲಿಲ್ಲ.

ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನಿದ್ದ ತಾಯಿ ನೀಲಾಬಾಯಿ ಎದ್ದು ಬಂದಳು.

“ದವಾಖಾನ್ಯಾಗ ನಿಮ್ಮಪ್ಪ ನನ್ನ ಕೈ ಹಿಡದು ಹೇಳಿದ್ರು. ‘ಮಟನ್ ಮಟನ್ ಅಂತ ನನ್ನ ನಾಲಿಗಿನೇ ನನ್ನ ತಿಂತು, ಮಗಗ ಹೇಳು’ ಅಂತ. ನೀ ಸಿಟ್ಟಿಗೆ ಏಳ್ತಿ ಅಂತ ನಾ ಇಷ್ಟ ದಿನ ಹೇಳಲಿಲ್ಲಪಾ.”

ಗುರುನಾಥ ಕಾಗೆಯತ್ತ ತಿರುಗಿದ. ಸಾಯುವ ಹೊತ್ತಿನಲ್ಲೂ ಅಪ್ಪ ತನ್ನನ್ನೇ ನೆನೆದಿದ್ದ. ಅವನು ಅಳುತ್ತಲೇ ಕೈಮುಗಿದ.

“ಮಟನ್ ಬಿಟ್ಟೆ ಅಪ್ಪಾ. ನಿನ್ನ ಆಣಿ.”

ಆ ದೊಡ್ಡ ಕಾಗೆ ಎಡೆಯ ಮೇಲೆ ಇಳಿಯಿತು. ಪಾವನ್ನು ಪಕ್ಕಕ್ಕೆ ತಳ್ಳಿ, ಟಿಕ್ಕಿಯನ್ನಷ್ಟೇ ಕಚ್ಚಿಕೊಂಡು ಹಾರಿತು. ಉಳಿದವೂ ಸದ್ದಿಲ್ಲದೆ ಹೋದವು. ಹಸಿದವರೆಲ್ಲ ಉಣ್ಣಲು ಕೆಳಗೆ ಓಡಿದರು.

ಗುರುನಾಥ ಒಬ್ಬನೇ ಉಳಿದ. ಕಣ್ಣೊರೆಸಿಕೊಂಡ. ಮನಸ್ಸು ಹಗುರಾಗಿತ್ತು. ಹಗುರಾದ ಮನಸ್ಸಿಗೆ ಒಂದು ಯೋಚನೆ ಬಂತು: ತಾನು ಬಿಟ್ಟದ್ದು ಮಟನ್ ಅಷ್ಟೆ, ಕೋಳಿಯ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ.

ಹಿಂದೆ ರೆಕ್ಕೆಯ ಸದ್ದಾಯಿತು. ತಿರುಗಿ ನೋಡಿದರೆ ಅದೇ ಕಾಗೆ, ಟಿಕ್ಕಿಯನ್ನು ಇನ್ನೂ ನುಂಗದೆ ಕೊಕ್ಕಿನಲ್ಲೇ ಹಿಡಿದು ಕೂತಿತ್ತು.

“ಕೋಳಿನೂ ಬಿಟ್ಟೆ” ಎಂದ ಗುರುನಾಥ. ಕಾಗೆ ಹೋಗಲಿಲ್ಲ.

“ಮೀನೂ ಬಿಟ್ಟೆ.” ಹೋಗಲಿಲ್ಲ.

ಅವನು ಮಾಳಿಗೆಯ ಮೇಲೆ ಎರಡು ಸುತ್ತು ಹಾಕಿದ. ಕಾಗೆ ಕಾಯಿತು.

“ತತ್ತಿನೂ...” ಎಂದ ಕೊನೆಗೆ, ಸಣ್ಣ ದನಿಯಲ್ಲಿ.

ಕಾಗೆ ಟಿಕ್ಕಿಯನ್ನು ನುಂಗಿ ಹಾರಿಹೋಯಿತು.