ತಂತಿಯಿಲ್ಲದ ಪೆಟ್ಟಿಗೆಗೆ ಖಂಡೇಪೂಜೆ

ಎಲ್ಲದಕ್ಕೂ ಕಾರಣ ಒಂದು ಹಿತ್ತಾಳೆಯ ಪರಾತ. ಹಂಪಮ್ಮ ಅದನ್ನು ಗಂಗಾವತಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿಗೆ ತಂದಿದ್ದಳು. ಆ ಬಂಡಿಗಾಲಿಯಂಥ ತಟ್ಟೆಯನ್ನು ಊರಲ್ಲೇ ಬಿಟ್ಟು ಬಂದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ, ಅವಳ ಮಗ ಹುಲಗೇಶನ ರಕ್ತದೊತ್ತಡವೂ ಏರುತ್ತಿರಲಿಲ್ಲ.

ಹೈದರಾಬಾದಿನ ಕೊಂಡಾಪುರ ಬಡಾವಣೆಯಲ್ಲಿ ಬಂಡೆ ಒಡೆದಲ್ಲೆಲ್ಲ ಕಚೇರಿ ಏಳುತ್ತಿದ್ದ ಕಾಲ ಅದು. ಹುಲಗೇಶನ ಕಂಪನಿ ಒಂದು ಪೆಟ್ಟಿಗೆ ಮಾಡಿತ್ತು. ಟಿಫಿನ್ ಡಬ್ಬಿಯಷ್ಟು ಗಾತ್ರ, ಮೇಲೆ ಎರಡು ಕೊಂಬು. ಒಂದೂ ತಂತಿ ಎಳೆಯದೆ ಹಾಲಿನ ಕಂಪ್ಯೂಟರಿನಿಂದ ಮಲಗುವ ಕೋಣೆಯ ಲ್ಯಾಪ್‌ಟಾಪಿಗೆ ಒಂದಿಡೀ ಸಿನಿಮಾವನ್ನು ಹತ್ತು ನಿಮಿಷದೊಳಗೆ ಗಾಳಿಯಲ್ಲೇ ಸಾಗಿಸುವುದು ಅದರ ಕೆಲಸ. ಕೊಳ್ಳಬೇಕಾದ ಅಮೆರಿಕದ ಸಾಹೇಬ ಮಾತ್ರ ಮಹಾ ಹಟಮಾರಿ. "ಲ್ಯಾಬಿನಲ್ಲಿ ಎಲ್ಲವೂ ಓಡುತ್ತದೆ. ಸಂಸಾರವಿರುವ ಮನೆಯಲ್ಲಿ ಓಡಿಸಿ ತೋರಿಸಿ" ಎಂದುಬಿಟ್ಟ. ಟೀಮಿನಲ್ಲಿ ಉಳಿದವರೆಲ್ಲ ಪಿ.ಜಿ.ಯಲ್ಲಿ ಬಿದ್ದುಕೊಂಡಿದ್ದ ಹುಡುಗರು. ಸಂಸಾರ ಅನ್ನುವಂಥದ್ದು, ಅಂದರೆ ಅವ್ವ ಮತ್ತು ಆಕೆಯ ಪಾತ್ರೆಪಗಡ, ಇದ್ದದ್ದು ಹುಲಗೇಶನಿಗೊಬ್ಬನಿಗೇ.

ಪ್ರದರ್ಶನ ಇವತ್ತು ಸಂಜೆ ಆರಕ್ಕೆ. ಗೆದ್ದರೆ ಹುಲಗೇಶ ಟೀಮ್ ಲೀಡ್. ಸೋತರೆ ಬೆಂಚು. ಐ.ಟಿ.ಯವರ ಬೆಂಚೆಂದರೆ ಕೆಲಸ ಕೊಡದೆ ಮೂರು ತಿಂಗಳು ಕೂರಿಸಿ, ಆಮೇಲೆ ಕೈಕುಲುಕಿ ಮನೆಗೆ ಕಳಿಸುವ ಏರ್ಪಾಟು. ಹಿಂದಿನ ದಿನ ಅವನು ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದ. ಎಂಟೇ ನಿಮಿಷ! ಅದೇ ಖುಷಿಯಲ್ಲಿ ಇವತ್ತು ಕಚೇರಿಗೆ ಹೋಗಿ, ನಾಲ್ಕಕ್ಕೆ ಮನೆಗೆ ಮರಳಿ ಬಾಗಿಲು ತೆರೆದವನು ಹೊಸ್ತಿಲಲ್ಲೇ ನಿಂತುಬಿಟ್ಟ.

ಪೆಟ್ಟಿಗೆಯ ಎರಡೂ ಕೊಂಬಿಗೆ ಒಂದೊಂದು ಚೆಂಡುಹೂವು ಸಿಕ್ಕಿಸಿತ್ತು. ಮೈತುಂಬ ಕುಂಕುಮ, ವಿಭೂತಿ. ಹಿಂದೆ ಪ್ರಭಾವಳಿಯಂತೆ ಆ ಪರಾತ. ಸುತ್ತಲೂ ಕುಡುಗೋಲು, ಈಳಿಗೆ, ಮಿಕ್ಸರು, ಪಕ್ಕದ ಮನೆಯ ಗುಣವತಿಯ ಹೊಲಿಗೆಯಂತ್ರ ಮತ್ತು ಕತ್ತರಿ. ಸಾಲದ್ದಕ್ಕೆ ವಾಚ್‌ಮನ್ ಹುಸೇನಪ್ಪನ ಕಬ್ಬಿಣದ ಬುಟ್ಟಿ, ಕರಣೆ, ಸುತ್ತಿಗೆ, ಉಳಿ. ಲಿಂಗಸೂಗೂರಿನ ಹುಸೇನಪ್ಪ ಹಗಲು ಗೋಡೆ ಕಟ್ಟುವ ಗೌಂಡಿ, ಸಂಜೆಯಿಂದ ವಾಚ್‌ಮನ್.

"ಅವ್ವಾ! ಏನಿದು?"

"ಇವತ್ತ ಖಂಡೇನವಮಿ, ಆಯುಧಪೂಜಿ ಅಲ್ಲೇನಪಾ? ನೀ ಅನ್ನ ತಿನ್ನೂದು ಈ ಡಬ್ಬಿಯಿಂದ. ಅದಕ್ಕ ನಟ್ಟನಡುವ ಕೂಡಿಸೀನಿ. ನೋಡು, ತಾನಾ ಹಸರ ದೀಪ ಹಚ್ಚಿಕೊಂಡು ಕುಂತೈತಿ. ಎಣ್ಣಿ ಸೈತ ಕೇಳಂಗಿಲ್ಲ, ಭಾಳ ಶಾಣ್ಯಾ ಐತಿ."

ಹುಲಗೇಶ ಕೋಣೆಗೆ ಓಡಿ ಲ್ಯಾಪ್‌ಟಾಪ್ ತೆರೆದು ಸಿನಿಮಾ ಹರಿಬಿಟ್ಟ. ಪರದೆ ಲೆಕ್ಕ ಹಾಕಿ ಹೇಳಿತು: ನಾಲ್ಕು ತಾಸು ಹದಿನೇಳು ನಿಮಿಷ. ಗಾಳಿಯಲ್ಲಿ ಹಾರುವ ಸಿಗ್ನಲ್ಲು ಹಿತ್ತಾಳೆ, ಕಬ್ಬಿಣ ಕಂಡರೆ ಅಲ್ಲೇ ಮುಗ್ಗರಿಸುತ್ತದೆ. ಪರಾತ ಕೂತದ್ದೋ ಸರಿಯಾಗಿ ಕೋಣೆಯ ಕಡೆಗೇ.

"ಅವ್ವಾ, ಆ ಪರಾತ ಒಂದೀಟು ಸರಸ್ಲಾ?"

"ಕೈ ಹಚ್ಚೀಯ, ಜ್ವಾಕಿ! ಪೂಜಿ ಮಾಡಿದ್ದು ನಾಳೆ ಬನ್ನಿ ಕೊಟ್ಟ ಮ್ಯಾಲೇ ಮುಟ್ಟೂದು. ನಿಮ್ಮಪ್ಪ ಇಂಥಾ ದಿನಾನ ಟ್ರ್ಯಾಕ್ಟರ್ ಚಾಲೂ ಮಾಡಿ, ಕಾಲು ಮುರಕೊಂಡು ಮೂರು ತಿಂಗಳ ಮನ್ಯಾಗ ಕುಂತಿದ್ದ."

ಅಪ್ಪನಿಗೂ ಮೂರೇ ತಿಂಗಳು, ಬೆಂಚಿಗೂ ಮೂರೇ ತಿಂಗಳು. ಹುಲಗೇಶ ತಲೆಯ ಮೇಲೆ ಕೈಹೊತ್ತು ಕೂತ. ಆಗಲೇ ಪ್ರಸಾದಕ್ಕೆಂದು ಬಂದರು ಗುಣವತಿ ಮತ್ತು ಹುಸೇನಪ್ಪ. ಪ್ರಸಾದ ತಿಂದು ಸುಮ್ಮನೆ ಹೋಗುವವರಲ್ಲ ಇಬ್ಬರೂ.

"ಇದೆಂತ ಮಾರಾಯ್ರೆ, ಗಾಳಿಯನ್ನು ನಂಬಿ ಕೆಲಸ ಮಾಡುವುದಾ?" ಎಂದಳು ಮಂಗಳೂರಿನ ಗುಣವತಿ. "ಒಂದು ವಯರು ಎಳೆದರೆ ಆಯಿತಪ್ಪ. ಫ್ಯಾನು ತಿರುಗುವುದು ವಯರಿನಲ್ಲೇ ಅಲ್ವಾ?"

"ವಯರ್ ಯಾಕ್ರಿ ಅಕ್ಕಾರ? ಗ್ವಾಡಿಗೆ ಒಂದ ತೂತು ಹೊಡದ್ರ ಸಿಗ್ನಲ್ಲು ಆರಾಮ ಹೋಕ್ಕೈತಿ" ಎಂದ ಹುಸೇನಪ್ಪ.

ಆ ಮನೆಯ ಮಾಲೀಕ ಗೋಡೆಗೆ ಒಂದು ಮೊಳೆ ಹೊಡೆದರೂ ಮನೆ ಬಿಡಿಸುವ ಆಸಾಮಿ. ಆದರೆ ಗಡಿಯಾರ ಐದು ಬಾರಿಸಿತ್ತು.

"ಹೊಡಿ ಹುಸೇನಪ್ಪ! ಮಾಲೀಕ ಬಂದ್ರ ನಾ ನೋಡ್ಕೋತೀನಿ."

ಹುಸೇನಪ್ಪ ತಲೆ ಕೆರೆದುಕೊಂಡ. "ಹೊಡೀತಿದ್ನಿರಿ ಸಾಹೇಬ್ರ. ಆದ್ರ ನನ್ನ ಸುತ್ತಿಗಿ, ಉಳಿ ಎಲ್ಲಾ ಅಲ್ಲೇ ದೇವ್ರ ಮುಂದ ಅದಾವಲ್ರಿ. ಮುಟ್ಟಿದ್ರ ನಿಮ್ಮವ್ವಾರು ನನ್ನ ಕಾಲು ಮುರೀತಾರ."

ಮೊಳೆ ಹೊಡೆಯುವುದಿರಲಿ, ದಾರ ಕತ್ತರಿಸುವ ಕತ್ತರಿ ಕೂಡ ಇವತ್ತು ಮುಟ್ಟುವಂತಿಲ್ಲ. ಬಾಲ್ಕನಿಗೆ ಬಂದ ಹುಲಗೇಶನ ಮುಖಕ್ಕೆ ಅವ್ವನ ಹಸಿ ಸೀರೆ ಫಟ್ಟನೆ ಬಡಿಯಿತು. ಸೀರೆ ನೇತಾಡುತ್ತಿದ್ದದ್ದು ಒಂದು ನೀಲಿ ತಂತಿಯ ಮೇಲೆ. ಹಳೆಯ ಇಂಟರ್ನೆಟ್ ತಂತಿ ಅದು! ನೆಲದ ಮೇಲೆ ಹರಿದಾಡುತ್ತಿದ್ದ ಅದಕ್ಕೆ ಅವ್ವ ಎರಡು ಸಲ ಎಡವಿದ್ದಳು. ಹೊಸ ಪೆಟ್ಟಿಗೆ ಬಂದ ದಿನ ಹುಲಗೇಶ "ತಂತಿ ಕಾಲ ಮುಗೀತು" ಎಂದು ದೊಡ್ಡ ಭಾಷಣ ಬಿಗಿದು ಅದನ್ನು ಬಿಸಾಕಿದ್ದ. ಅವ್ವ ಎತ್ತಿಕೊಂಡು ಬಟ್ಟೆ ಒಣಹಾಕಲು ಕಟ್ಟಿದ್ದಳು.

ಭಾಷಣದ ಮಾತು ನೆನಪಾಗಿ ನಾಚಿಕೆಯಾಯಿತು, ನಿಜ. ಆದರೆ ಬೆಂಚಿನ ಮುಂದೆ ನಾಚಿಕೆ ಯಾವ ಲೆಕ್ಕ? ಬಟ್ಟೆಗಳನ್ನು ಕುರ್ಚಿಯ ಮೇಲೆ ಒಗೆದು ತಂತಿ ಬಿಚ್ಚಿದ. ಮಿಕ್ಕಿದ್ದ ಚೆಂಡುಹೂವಿನ ಬುಟ್ಟಿ ಎಳೆದುಕೊಂಡು, ದಾರವನ್ನು ಹಲ್ಲಿನಿಂದ ಕಡಿಯುತ್ತ, ತಂತಿಯ ಮೇಲೆ ಒತ್ತೊತ್ತಾಗಿ ಹೂವು ಕಟ್ಟಿದ. ಮಾಲೆ ಪೆಟ್ಟಿಗೆಯ ಹಿಂದಿನಿಂದ ಹೊರಟು, ಬಾಗಿಲ ಚೌಕಟ್ಟಿನ ಮೇಲೆ ತೋರಣವಾಗಿ, ಕೋಣೆಯ ಮಂಚದ ಮೇಲಿದ್ದ ಲ್ಯಾಪ್‌ಟಾಪಿನ ಕೊರಳಿಗೆ ಬಿದ್ದು, ಒಂದು ತುದಿ ಅದರೊಳಗೆ ಸೇರಿತು. ಉಳಿದದ್ದು ಪೆಟ್ಟಿಗೆಯ ಬೆನ್ನಿಗೆ ತಂತಿಯ ಇನ್ನೊಂದು ತುದಿ ಸಿಕ್ಕಿಸುವುದು. ಹುಲಗೇಶ ಉದ್ದಕ್ಕೆ ಅಡ್ಡಬಿದ್ದು, ಕೈಚಾಚಿ, ಪರಾತ ಅಲುಗದಂತೆ ಟಕ್ಕನೆ ಸಿಕ್ಕಿಸಿದ.

ಹಂಪಮ್ಮನ ಕಣ್ಣಲ್ಲಿ ನೀರು. "ನೋಡವ್ವಾ ಗುಣವತೀ, ಹುಟ್ಟಿದಾಗಿನಿಂದ ಒಂದು ಊದಿನಕಡ್ಡಿ ಹಚ್ಚಿದಾಂವಲ್ಲ. ಇವತ್ತ ದೇವ್ರ ಮುಂದ ಉದ್ದಕ್ಕ ದಿಂಡರಕಿ ಬಿದ್ದಾನ!"

ಆರು ಹೊಡೆಯಿತು. ಕಚೇರಿಯಿಂದ ಮ್ಯಾನೇಜರ್ ವಿಜಯಶ್ರೀ, ಅಮೆರಿಕದಿಂದ ಸಾಹೇಬ, ಇಬ್ಬರೂ ಹಾಲಿನ ಕಂಪ್ಯೂಟರಿನ ಪರದೆಯಲ್ಲಿ ಮೂಡಿದರು. ಇತ್ತ ಕ್ಯಾಮೆರಾದಲ್ಲಿ ಪೆಟ್ಟಿಗೆ, ತೆರೆದ ಬಾಗಿಲು, ಆಚೆ ಲ್ಯಾಪ್‌ಟಾಪು. ಎಲ್ಲಿ ನೋಡಿದರೂ ಹೂವೇ ಹೊರತು ಒಂದು ತಂತಿಯಿಲ್ಲ. ಹುಲಗೇಶ ಗುಂಡಿ ಒತ್ತಿದ. ಹತ್ತು ನಿಮಿಷದಲ್ಲಿ ಸಾಗಬೇಕಿದ್ದ ಸಿನಿಮಾ ಒಂದೂವರೆ ನಿಮಿಷದಲ್ಲಿ ಸಾಗಿ ಮುಗಿಯಿತು.

ಸಾಹೇಬ ಕ್ಯಾಮೆರಾದತ್ತ ಬಾಗಿ ಕಣ್ಣು ಕಿರಿದಾಗಿಸಿದ. ಹಾಳಾದ ತಂತಿ, ಓಡಬೇಕಾದ್ದಕ್ಕಿಂತ ಜೋರಾಗಿ ಓಡಿಬಿಟ್ಟಿತ್ತು!

"ನಮ್ಮ ಲ್ಯಾಬಿನಲ್ಲೇ ಎಂಟು ನಿಮಿಷಕ್ಕಿಂತ ಕೆಳಗೆ ಇಳಿದಿಲ್ಲ" ಎಂದ. "ಪೆಟ್ಟಿಗೆಯ ಹಿಂದಿರುವ ಆ ದುಂಡನೆಯ ಲೋಹ... ಸುತ್ತಲಿನ ಉಪಕರಣಗಳು... ಸಿಗ್ನಲ್ ಹೆಚ್ಚಿಸುವುದಕ್ಕೆ ನೀವೇ ಮಾಡಿದ ವಿನ್ಯಾಸವೇ?"

ಹುಲಗೇಶ ಬಾಯಿ ತೆರೆಯುವುದರೊಳಗೆ ವಿಜಯಶ್ರೀ ಹೌದೆಂದುಬಿಟ್ಟಳು. ಗಿರಾಕಿ ಏನು ಕೇಳಿದರೂ ಮೊದಲು ಹೌದೆನ್ನುವುದು, ಆಮೇಲೆ ಅದೇನೆಂದು ಹುಡುಕುವುದು ಅವರ ಕಚೇರಿಯ ಪದ್ಧತಿ. "ಆರು ತಿಂಗಳಿಂದ ಹುಲಗೇಶ್ ಅದರ ಮೇಲೇ ಕೆಲಸ ಮಾಡ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಒಗ್ಗರಣೆಯನ್ನೂ ಹಾಕಿದಳು.

"ಅದ್ಭುತ! ಸೋಮವಾರ ನಾನೇ ಬರುತ್ತೇನೆ, ಮೂವರು ಎಂಜಿನಿಯರುಗಳು, ಅಳತೆಯ ಯಂತ್ರಗಳ ಜೊತೆ. ನಿಮ್ಮ ಕಚೇರಿಯಲ್ಲಿ ಇದನ್ನೆಲ್ಲ ಹೀಗೇ ಜೋಡಿಸಿಡಿ. ಒಂದು ಕುಡುಗೋಲೂ ಆಚೀಚೆ ಆಗಬಾರದು. ಹೂವುಗಳು ಮಾತ್ರ ಬೇಡ. ನಮ್ಮ ಒಬ್ಬ ಎಂಜಿನಿಯರಿಗೆ ಹೂವೆಂದರೆ ವಿಪರೀತ ಸೀನು."

ಪರದೆ ಕಪ್ಪಾಯಿತು. ಮರುಕ್ಷಣ ವಿಜಯಶ್ರೀಯ ಫೋನು. "ಕಂಗ್ರಾಟ್ಸ್ ಹುಲಗೇಶ್! ಲೀಡ್ ಆರ್ಡರ್ ರೆಡಿ ಇದೆ ಕಣ್ರೀ, ಸೋಮವಾರ ಅವರ ಮುಂದೇನೇ ಕೊಡೋಣ. ಅಂದಹಾಗೆ, ಆ ತಟ್ಟೆಗೆ ಏನು ಹೆಸರಿಟ್ಟಿದೀರಿ?"

ನಿಜ ಹೇಳಿದರೆ ಇವತ್ತೇ ಬೆಂಚು. ಹೇಳದಿದ್ದರೆ ಸೋಮವಾರ, ಅದೂ ಸಾಹೇಬನ ಸಮಕ್ಷಮದಲ್ಲಿ. ಹೆಸರು ಸೋಮವಾರ ಹೇಳುತ್ತೇನೆಂದು ಹುಲಗೇಶ ಫೋನಿಟ್ಟ.

"ಏನಂದನೋ ಆ ಕೆಂಪು ಮುಖದಾಂವ?" ಹಂಪಮ್ಮ ಕೇಳಿದಳು.

"ಸೋಮವಾರ ನಿನ್ನ ಪೂಜಿ ನೋಡಾಕ ಬರ್ತಾನಂತ ಅವ್ವಾ. ಎಲ್ಲಾ ಹಿಂಗ ಇರಬೇಕಂತ. ಹೂವೊಂದು ಬ್ಯಾಡಂತ."

"ಬ್ಯಾಡಂದ್ರ ಛಲೋನ ಆತು ಬಿಡು" ಎಂದಳು ಹಂಪಮ್ಮ, ಕುರ್ಚಿಯ ಮೇಲಿನ ಹಸಿ ಸೀರೆಯನ್ನು ಕೊಡವುತ್ತ. "ಮಾಲಿಯೊಳಗ ಹೆಣದೀಯಲ್ಲ, ನನ್ನ ಬಟ್ಟಿ ಹಗ್ಗ, ಅದಾದ್ರೂ ನನಗ ವಾಪಸ್ ಸಿಗ್ತೈತಿ."