ಲೌಟಾಲಿ ಪದವಿ ಎಷ್ಟು ಜನರಿಗೆ?

ಪೆನಿಟಾಲ ಕೆಟ್ಟದ್ದು ಒಂದು ಟಿಕ್‌ನಿಂದ.

ಸಮೋವಾ ದ್ವೀಪದೇಶದ ರಾಜಧಾನಿ ಆಪಿಯಾದ ಗ್ರಂಥಾಲಯದ ಗುಮಾಸ್ತ ಅವನು. ಜಗತ್ತೇ ನೋಡುವ ಮಾಹಿತಿಕೋಶವೊಂದಕ್ಕೆ ನಾಡಿನ ಮಾನಸನ್ಮಾನಗಳನ್ನೆಲ್ಲ ವಿಂಗಡಿಸಿ ತುಂಬುತ್ತಿದ್ದ. ಈಜಿನ ಕಪ್ ‘ಪ್ರಶಸ್ತಿ’ ಪಟ್ಟಿಗೆ, ಸರ್ಕಾರದ ಪದಕ ‘ಬಿರುದು’ ಪಟ್ಟಿಗೆ, ಊರ ಮುಖಂಡತನ ‘ಪದವಿ’ ಪಟ್ಟಿಗೆ. ಅಂದು ಬೆಳಿಗ್ಗೆ ತನ್ನ ಮನೆತನದ ‘ಲೌಟಾಲಿ’ ಪದವಿಯನ್ನು ಸೇರಿಸಿದ. ಏಕಕಾಲಕ್ಕೆ ಎಷ್ಟು ಜನ ಹೊಂದಬಹುದು? ಎಂದು ಪರದೆ ಕೇಳಿತು. ಸಮೋವಾದಲ್ಲಿ ಪದವಿ ಹಂಚಿಕೊಳ್ಳುವುದು ಹೊಸದೇನಲ್ಲ. ‘ಒಬ್ಬರಿಗಿಂತ ಹೆಚ್ಚು’ ಎಂದು ಟಿಕ್ ಹಾಕಿದ.

ಆದರೆ ಆ ಪದವಿ ಸದ್ಯಕ್ಕೆ ಅವನ ದೊಡ್ಡಪ್ಪನೊಬ್ಬರದೇ. ಪೆನಿಟಾಲನಿಗೆ ನಲವತ್ತೆರಡಾದರೂ ಯಾವ ಪದವಿಯೂ ಇಲ್ಲ. ಸಭೆಯಲ್ಲಿ ಪದವಿ ಇದ್ದವರಂತೆ ತನ್ನದೇ ಕಂಬಕ್ಕೊರಗಿ ಕೂರುವಂತಿಲ್ಲ, ಕೂತವರಿಗೆ ಬಡಿಸಬೇಕು. ಆ ಸಂಜೆ ಅವನಿಗೂ ಒಂದು ಪದವಿ ಕೊಡುವ ಮಾತಿತ್ತು. ಯಾವುದೆಂದು ದೊಡ್ಡಪ್ಪ ಬಾಯಿಬಿಟ್ಟಿರಲಿಲ್ಲ.

ಪಕ್ಕದ ಮೇಜಿನ ಫಿಲೆಮು ಅವನದೇ ಊರಿನವಳು. ಪರದೆಗೆ ಇಣುಕಿ ಕಣ್ಣು ಕಿರಿದು ಮಾಡಿದಳು.

"ಎರಡನೆಯವರು ಯಾರಪ್ಪಾ?"

"ಯಾರೂ ಇಲ್ಲ. ಪದ್ಧತಿ ಹಾಗಿದೆ, ಬರೆದೆ."

"ಯಾರೂ ಇಲ್ದೆ ಜಾಗ ಯಾಕೆ ಬಿಟ್ಟೆ? ನಿಂಗೇ ತಾನೇ?"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಸ್ಸು ಹತ್ತಿ ಊರು ಸೇರಿತ್ತು. ಅತ್ತೆ ಸಿಯೆನಿ ಫೋನಿನಲ್ಲೇ ಹರಿಹಾಯ್ದಳು.

"ಏನೋ, ದೊಡ್ಡಪ್ಪ ಇನ್ನೂ ಕಲ್ಲುಗುಂಡಿನ ಹಾಗಿದ್ದಾರೆ. ಆಗಲೇ ಅವರ ಕಂಬಕ್ಕೆ ನಿನ್ನ ಬೆನ್ನು ಅಳತೆ ನೋಡ್ತಿದ್ದೀಯಂತೆ?"

"ಅಯ್ಯೋ ಅತ್ತೆ, ಅದು ಬರೀ ಟಿಕ್ಕು!"

"ಕಳ್ಳರೆಲ್ಲ ಹಾಗೇ ಅನ್ನೋದು."

ಪೆನಿಟಾಲ ಫೋನಿಟ್ಟ. ಕೈಗೆ ಬಂದದ್ದು ಬಾಯಿಗೆ ಬಾರದಂತಾದರೆ? ಟಿಕ್ ಅಳಿಸಿ ‘ಒಬ್ಬರಿಗೆ ಮಾತ್ರ’ ಎಂದು ತಿದ್ದಿದ. ಸಾಲದೆಂದು ಪುಟವನ್ನು ಅಚ್ಚು ಹಾಕಿಸಿ, ಗ್ರಂಥಾಲಯದ ಮೊಹರು ಒತ್ತಿಸಿಕೊಂಡ.

ಸಂಜೆ ತುಂಬಿದ ಸಭೆಯಲ್ಲಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ದೊಡ್ಡಪ್ಪ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು.

"ಒಬ್ಬರಿಗೆ ಮಾತ್ರ. ಜಗತ್ತೆಲ್ಲ ಇದನ್ನ ನೋಡತ್ತಾ?"

"ಹೌದು ದೊಡ್ಡಪ್ಪ. ಮೊಹರೂ ಇದೆ. ನನ್ನ ಮೇಲೆ ಅನುಮಾನ ಬೇಡ."

ದೊಡ್ಡಪ್ಪ ನಿಟ್ಟುಸಿರಿಟ್ಟರು. "ಅನುಮಾನ ಯಾರಿಗಿತ್ತೋ? ಬೆಳಿಗ್ಗೆ ನೀನು ಬರೆದದ್ದು ಕೇಳಿ, ನಮ್ಮ ಗುಟ್ಟು ಇವನಿಗೆ ಹೇಗೆ ಗೊತ್ತಾಯ್ತು ಅಂತ ನಕ್ಕಿದ್ದೆ. ಇವತ್ತು ಲೌಟಾಲಿ ಪದವೀನೇ ನಿನಗೂ ಹಂಚೋಣ ಅಂತಿದ್ವಿ."

ಪೆನಿಟಾಲ ಫೋನಿಗೆ ಕೈಹಾಕಿದ. "ಈಗಲೇ ತಿದ್ತೀನಿ ದೊಡ್ಡಪ್ಪ! ಎರಡು ನಿಮಿಷ!"

ದೊಡ್ಡಪ್ಪ ಕಾಗದವನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟರು.

"ಬೇಡ ಮಗನೇ. ಈಗ ತಿದ್ದಿದರೆ ಜನ ಅನುಮಾನ ಪಡಲ್ವಾ?"